ಎಪ್ಪತ್ತೊಂದು ಸಾಲುಗಳು

ನಮ್ಮ ಆಸ್ಪತ್ರೆಯ ಅಂಕಿಅಂಶ ವಿಭಾಗದಲ್ಲಿ ಅವಳನ್ನು ಎಲ್ಲರೂ ಲೆಕ್ಕದಕ್ಕ ಎಂದೇ ಕರೆಯುತ್ತಿದ್ದರು. ಮೂರನೇ ಮಹಡಿ, ಕಿಟಕಿ ತೆರೆದರೆ ಎದುರು ಕಟ್ಟಡದ ಗೋಡೆ, ಎರಡು ಕಂಪ್ಯೂಟರ್, ಎರಡು ಕುರ್ಚಿ. ಒಂದರಲ್ಲಿ ಅವಳು, ಇನ್ನೊಂದರಲ್ಲಿ ನಾನು. ವಾರ್ಡಿನಿಂದ ಬಂದ ಚೀಟಿ ನೋಡಿ ರೋಗಿಗೊಂದು ಸಾಲಿನಂತೆ ಟೈಪ್ ಮಾಡುವುದು ನನ್ನ ಕೆಲಸ. ಆ ಸಾಲುಗಳನ್ನು ಸಾಫ್ಟ್‌ವೇರಿಗೆ ಕೊಟ್ಟು ಕೋಷ್ಟಕ ತೆಗೆಯುವುದು ಅವಳದು. ಇಪ್ಪತ್ತೆರಡು ವರ್ಷ ತಲೆ ಎತ್ತದೆ ದುಡಿದಳು. ಅಷ್ಟೂ ವರ್ಷ ಮುಖ್ಯಸ್ಥರಿಗೆ ಅವಳ ಹೆಸರು ನೆನಪಿರಲಿಲ್ಲ. ಇದನ್ನು ಹೇಳುವಾಗ ನನಗೆ ಈಗಲೂ ಮೈ ಉರಿಯುತ್ತದೆ.

ಆಗ ಹೃದಯದ ಕವಾಟಕ್ಕೆ ಹೊಸ ಬಗೆಯ ಆಪರೇಷನ್ ಶುರುವಾಗಿತ್ತು. ಆರು ತಿಂಗಳಾದ ಮೇಲೆ ರೋಗಿಯನ್ನು ಕರೆಸಿ, ಆರು ನಿಮಿಷದಲ್ಲಿ ಎಷ್ಟು ಮೀಟರ್ ನಡೆಯುತ್ತಾನೆ ಎಂದು ಅಳೆಯುತ್ತಿದ್ದರು. ಅದೇ ಕೊನೆಯ ಕಾಲಂ. ಇನ್ನೂರ ನಲವತ್ತು ಜನರ ಫೈಲು ಸಿದ್ಧವಾಯಿತು. ಲೆಕ್ಕದಕ್ಕ ಬಟನ್ ಒತ್ತಿದ್ದೇ ತಡ, ಸಾಫ್ಟ್‌ವೇರ್ ಸದ್ದಿಲ್ಲದೆ ಮುಚ್ಚಿಕೊಂಡಿತು. ಮತ್ತೆ ಒತ್ತಿದಳು, ಮತ್ತೆ ಮುಚ್ಚಿಕೊಂಡಿತು. ಮಾರಿದ ಕಂಪನಿಗೆ ಬರೆದರೆ, ಹೊಸದನ್ನು ಕೊಂಡುಕೊಳ್ಳಿ ಎಂಬ ಉತ್ತರ. ಅವಳೋ ಹಿಡಿದ ಕೆಲಸ ಬಿಡುವವಳಲ್ಲ. ಫೈಲನ್ನು ಅರ್ಧ ಮಾಡಿ ಓಡಿಸಿದಳು, ಕೈಕೊಟ್ಟ ಅರ್ಧವನ್ನು ಮತ್ತೆ ಅರ್ಧ ಮಾಡಿದಳು. ಹೀಗೆ ಒಂಬತ್ತು ದಿನ ಮಾಡಿದ ಮೇಲೆ ಗುಟ್ಟು ಸಿಕ್ಕಿತು. ಕೊನೆಯ ಕಾಲಮ್ಮಿನಲ್ಲಿ ಎಲ್ಲಾದರೂ ಖಾಲಿ ಜಾಗ ಕಂಡರೆ ಸಾಫ್ಟ್‌ವೇರ್ ಬಿದ್ದುಹೋಗುತ್ತಿತ್ತು. ಹಾಗೆ ಖಾಲಿ ಇದ್ದ ಎಪ್ಪತ್ತೊಂದು ಸಾಲುಗಳನ್ನು ಅವಳು ಅಳಿಸಿದಳು. ಕೋಷ್ಟಕ ಸಲೀಸಾಗಿ ಹೊರಬಂತು. ನೂರಕ್ಕೆ ತೊಂಬತ್ತಾರು ಜನ ಮೊದಲಿಗಿಂತ ಚೆನ್ನಾಗಿ ನಡೆಯುತ್ತಿದ್ದರು.

ಮೀಟಿಂಗಿನಲ್ಲಿ ಮುಖ್ಯಸ್ಥರು ಅವಳನ್ನು ಎದ್ದು ನಿಲ್ಲಿಸಿ ಚಪ್ಪಾಳೆ ಹೊಡೆಸಿದರು. ಅವಳ ಉಪಾಯವನ್ನು ವಿಭಾಗದ ನಿಯಮ ಮಾಡಿ, ಕೆಳಗೆ ಅವಳ ಹೆಸರನ್ನೇ ಹಾಕಿಸಿದರು. ಆ ವಾರವಿಡೀ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆ ಖಾಲಿ ಸಾಲುಗಳಲ್ಲಿದ್ದವರು ಯಾರು ಎಂದು ಒಬ್ಬರೂ ಕೇಳಲಿಲ್ಲ. ನನಗೆ ಗೊತ್ತಿತ್ತು, ಅಥವಾ ಗೊತ್ತಿರಬೇಕಿತ್ತು. ವಾರ್ಡಿನವರು ಸತ್ತವರ ಚೀಟಿಯಲ್ಲಿ ಒಂದು ಗೀಟು ಎಳೆದು ಕಳಿಸುತ್ತಿದ್ದರು. ಊರು ಬಿಟ್ಟವರಿಗೂ ಅದೇ ಗೀಟು. ಗೀಟಿದ್ದರೆ ಖಾಲಿ ಬಿಡು ಎಂದು ಕೆಲಸಕ್ಕೆ ಸೇರಿದ ದಿನವೇ ನನಗೆ ಕಲಿಸಿದ್ದರು. ಹಿಂದೊಬ್ಬ ಸೊನ್ನೆ ಹಾಕಿ, ಸತ್ತವನನ್ನು ಯಾರಯ್ಯ ನಡೆಸಿ ನೋಡಿದ್ದು ಎಂದು ಬೈಸಿಕೊಂಡಿದ್ದನಂತೆ. ನಾನು ಖಾಲಿ ಬಿಟ್ಟೆ, ಅವಳು ಅಳಿಸಿದಳು, ಮುಖ್ಯಸ್ಥರು ಸಹಿ ಹಾಕಿದರು. ನಮ್ಮ ನಮ್ಮ ಕೆಲಸವನ್ನು ನಾವು ಅಚ್ಚುಕಟ್ಟಾಗಿ ಮಾಡಿದೆವು.

ಲೆಕ್ಕದಕ್ಕನ ತಂಗಿಗೂ ಕವಾಟದ ತೊಂದರೆ. ಮಾತ್ರೆ ನುಂಗಿಕೊಂಡು, ಮೆಟ್ಟಿಲಿನ ತಿರುವಿನಲ್ಲೆಲ್ಲ ಕುಳಿತು ಸುಧಾರಿಸಿಕೊಂಡು ಹೇಗೋ ದಿನ ದೂಡುತ್ತಿದ್ದಳು. ಹೀಗೇ ಇನ್ನೂ ಹತ್ತಾರು ವರ್ಷ ಇರಬಹುದೆಂದು ಡಾಕ್ಟರೇ ಹೇಳಿದ್ದರು. ಆಪರೇಷನ್ ಎಂದರೆ ಅವಳಿಗೆ ಜೀವಭಯ. ಲೆಕ್ಕದಕ್ಕ ಕೋಷ್ಟಕ ಹಿಡಿದುಕೊಂಡು ಮೂರು ಭಾನುವಾರ ಅವಳ ಬೆನ್ನುಬಿದ್ದಳು.

“ನಾನೇ ತೆಗ್ದಿರೋ ಲೆಕ್ಕ ಕಣೇ. ನನ್ನನ್ನೂ ನಂಬಲ್ವಾ?” ಎಂದಳಂತೆ. ತಂಗಿ ನಂಬಿದಳು. ಆಪರೇಷನ್ ಆದ ಹನ್ನೊಂದನೇ ದಿನ ಸತ್ತಳು.

ಆರು ತಿಂಗಳಿಗೆ ಅವಳ ಚೀಟಿ ನನ್ನ ಮೇಜಿಗೆ ಬಂತು, ಗೀಟಿನೊಂದಿಗೆ. ಕೈ ತನ್ನ ಪಾಡಿಗೆ ಖಾಲಿ ಬಿಟ್ಟಿತು. ಮರುದಿನ ಲೆಕ್ಕದಕ್ಕ ಹೊಸ ಫೈಲು ತೆರೆದು, ಖಾಲಿ ಸಾಲುಗಳನ್ನೆಲ್ಲ ಕೆಳಗೆ ಒಟ್ಟುಮಾಡಿ, ಅಳಿಸಲು ಹೊರಟವಳು ಅವುಗಳಲ್ಲಿ ತಂಗಿಯ ಹೆಸರು ಕಂಡು ಹಾಗೇ ಕುಳಿತುಬಿಟ್ಟಳು. ಇವರೆಲ್ಲ ಯಾರು ಎಂದು ನನ್ನನ್ನು ಕೇಳಿದಳು. ಗೀಟಿನ ವಿಷಯ ಹೇಳಿದೆ. ಹಳೆಯ ಫೈಲಿನಿಂದ ಅಳಿಸಿದ್ದ ಎಪ್ಪತ್ತೊಂದು ಜನರ ಚೀಟಿ ಹುಡುಕಿ ತೆಗೆದು, ಅದರಲ್ಲಿದ್ದ ನಂಬರುಗಳಿಗೆಲ್ಲ ಅವಳೇ ಫೋನ್ ಮಾಡಿದಳು. ಒಂಬತ್ತು ಕಡೆ ಯಾರೂ ಎತ್ತಲಿಲ್ಲ. ನಾಲ್ವರು ಬೇರೆ ಊರಿನಲ್ಲಿ ಗುಂಡುಕಲ್ಲಿನಂತಿದ್ದರು. ಐವತ್ತೆಂಟು ಜನ ಸತ್ತಿದ್ದರು. ಹೆಂಡತಿಯನ್ನು ಕಳೆದುಕೊಂಡ ಮುದುಕನೊಬ್ಬ, ಆಸ್ಪತ್ರೆಯವರು ಈಗಲಾದರೂ ವಿಚಾರಿಸಿದಿರಲ್ಲ ಎಂದು ಥ್ಯಾಂಕ್ಸ್ ಹೇಳಿದನಂತೆ.

ಮುಖ್ಯಸ್ಥರು ಪೂರ್ತಿ ಕೇಳಿಸಿಕೊಂಡರು. ವರದಿ ಎಲ್ಲ ಕಡೆ ಹೋಗಿಯಾಗಿದೆ, ಬರದವರೆಲ್ಲ ಸತ್ತವರಲ್ಲ ಎಂದರು. ಆಮೇಲೆ ನಗುನಗುತ್ತಲೇ, “ನಿಯಮದ ಕೆಳಗಿರೋದು ನಿಮ್ಮ ಹೆಸರು. ಈ ಮಾತು ಎತ್ತಿದ್ರೆ ಮೊದಲು ಮನೆಗೆ ಹೋಗೋದು ನೀವೇ,” ಎಂದರು. ಅಂತೂ ಅವರಿಗೆ ಅವಳ ಹೆಸರು ನೆನಪಿಗೆ ಬಂದಿತ್ತು. ಅವಳು ಬಾಯಿ ಮುಚ್ಚಿಕೊಂಡು ಬಂದಳು. ಒಂದು ತಿಂಗಳು ಮುಚ್ಚಿಕೊಂಡೇ ಇದ್ದಳು. ನಾನೇನು ದೊಡ್ಡ ಸಾಚಾ ಅಲ್ಲ, ನಾನೂ ಮುಚ್ಚಿಕೊಂಡಿದ್ದೆ.

ಅಷ್ಟರಲ್ಲಿ ತಂಗಿಯ ಗಂಡ ಫೋನ್ ಮಾಡಿದ. ಮಗಳ ಕವಾಟವೂ ತಾಯಿಯದರಂತೆಯೇ ಇದೆಯಂತೆ. ಹತ್ತೊಂಬತ್ತು ವಯಸ್ಸು. ಅದೇ ಆಪರೇಷನ್‌ಗೆ ದಿನ ಗೊತ್ತುಮಾಡಿದ್ದರು. ಒಬ್ಬಳೇ ಹೋಗಲು ಧೈರ್ಯ ಸಾಲದೆ ಲೆಕ್ಕದಕ್ಕ ನನ್ನನ್ನೂ ಕರೆದುಕೊಂಡು ಹೋದಳು.

ಅವನು ನಮ್ಮನ್ನು ಕೂರಿಸಿ, ತಾನೇ ಟೀ ಮಾಡಿ ತಂದುಕೊಟ್ಟ. “ನಮ್ಮ ಗ್ರಹಚಾರ ಅಕ್ಕಾ, ಅವಳು ಆ ನಾಲ್ಕು ಜನರಲ್ಲಿ ಸೇರಿಬಿಟ್ಲು. ಇವಳು ತೊಂಬತ್ತಾರರಲ್ಲಿ ಇರ್ತಾಳೆ ಅಲ್ವಾ?” ಎಂದ.

ಲೆಕ್ಕದಕ್ಕ ಹೇಳಿದಳು. ಬಿದ್ದುಹೋಗುವ ಸಾಫ್ಟ್‌ವೇರು, ಅಳಿಸಿದ ಸಾಲುಗಳು, ಅಳಿಸಿದ್ದು ತಾನೇ ಎಂಬುದು, ಐವತ್ತೆಂಟು ಜನ, ಒಂದನ್ನೂ ಬಿಡಲಿಲ್ಲ. ಅವನು ಕೂಗಾಡಲಿಲ್ಲ. ಒಳಗಿನಿಂದ ಮಗಳನ್ನು ಕರೆದು ಲೆಕ್ಕದಕ್ಕನೆದುರು ಕೂರಿಸಿದ.

“ಈಗ ಹೇಳಿದ್ದನ್ನ ಇನ್ನೊಂದ್ಸಲ ಹೇಳಿ,” ಎಂದ. “ಇವಳ ಮುಖ ನೋಡ್ಕೊಂಡು ಹೇಳಿ.”

ಅವಳು ಮತ್ತೆ ಮೊದಲಿನಿಂದ ಹೇಳಿದಳು. ಪಾಪ ಎನ್ನಬೇಕೋ, ಆಗಬೇಕಾದ್ದೇ ಎನ್ನಬೇಕೋ ನನಗೆ ತಿಳಿಯಲಿಲ್ಲ. ಹುಡುಗಿ ಮಧ್ಯೆ ಬಾಯಿ ಹಾಕದೆ ಕೊನೆಯವರೆಗೂ ಕೇಳಿದಳು.

“ಐವತ್ತೆಂಟು ಅಂದ್ರಲ್ಲ ದೊಡ್ಡಮ್ಮ, ಅಮ್ಮನ್ನ ಸೇರಿಸಿನಾ?”

“ಇಲ್ಲ ಮಗಳೇ. ಅವಳದು ಆಮೇಲೆ ಬಂದಿದ್ದು.”

“ಹಾಗಾದ್ರೆ ಐವತ್ತೊಂಬತ್ತು ಅನ್ನಿ,” ಎಂದು ಹುಡುಗಿ ಎದ್ದು ಒಳಗೆ ಹೋದಳು.