ಉಳಿಸಿದ ಗಾಳಿ

ನೀರಿನೊಳಗೆ ಉಸಿರು ಹಿಡಿಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗೆ ಮೊದಲಿನಿಂದಲೂ ಇತ್ತು. ಉಳ್ಳಾಲದ ಹೊಳೆಯಲ್ಲಿ ಮುಳುಗಿ ಮರುವಾಯಿ ಚಿಪ್ಪು ಹೆಕ್ಕಿ ಬೆಳೆದವನು ನಾನು. ಒಂದೇ ಉಸಿರಿಗೆ ಬೊಗಸೆ ತುಂಬಬೇಕು; ತುಂಬದೆ ಮೇಲೆ ಬಂದರೆ ಅಕ್ಕಂದಿರು ನಗುತ್ತಿದ್ದರು. ಕೆಲಸಕ್ಕೆಂದು ಸೌದಿಯ ಜಿದ್ದಾಕ್ಕೆ ಬಂದು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕೆಂಪು ಸಮುದ್ರಕ್ಕೆ ಇಳಿಯಲು ಕಲಿತ ಮೇಲೂ ಆ ಚಾಳಿ ಹೋಗಲಿಲ್ಲ.

ಕಡಲಾಳಕ್ಕೆ ಇಳಿಯುವ ಈ ಹುಚ್ಚು ಹತ್ತಿಸಿದವನು ಆಫೀಸಿನ ಗೆಳೆಯ, ಉಡುಪಿ ಕಡೆಯವನು. ಅವನ ಮನೆಮಾತು ಕೊಂಕಣಿ, ನನ್ನದು ಬ್ಯಾರಿ. ನಮ್ಮ ಜಗಳವೆಲ್ಲ ಕನ್ನಡದಲ್ಲಿ. ಮುಳುಗಿ ದೋಣಿಗೆ ಮರಳಿದಾಗ ಎಲ್ಲರೂ ಗಾಳಿಯ ಮೀಟರ್ ನೋಡಿಕೊಳ್ಳುತ್ತಾರೆ. ಹೆಚ್ಚು ಉಳಿದಿರುತ್ತಿದ್ದುದು ಯಾವಾಗಲೂ ನನ್ನದರಲ್ಲೇ. ಒಂದು ಉಸಿರು ಎಳೆದು, ತಡೆದಿಟ್ಟು, ಜಿಪುಣನ ಹಾಗೆ ಬಿಡುತ್ತಿದ್ದೆ.

"ಉಳಿಸಿದ ಗಾಳಿ ಊರಿಗೆ ಕಳಿಸ್ಲಿಕ್ಕುಂಟಾ ಎಂತ?" ಎಂದು ಗೆಳೆಯ ಕಿಚಾಯಿಸುತ್ತಿದ್ದ.

"ನಿನ್ನ ಹಾಗೆ ಬುಸುಬುಸು ಮಾಡಿ ಖಾಲಿ ಮಾಡ್ಲಿಕ್ಕೆ ನಂಗೆ ಬರುದಿಲ್ಲ ಮಾರಾಯ."

ನಮ್ಮ ಸೌದಿ ತರಬೇತುದಾರ ಮಾತ್ರ ನಗುತ್ತಿರಲಿಲ್ಲ. ಉಸಿರು ತಡೆದರೆ ಕೆಟ್ಟ ಗಾಳಿ ಒಳಗೇ ಉಳಿದು ತಲೆ ಕೆಡಿಸುತ್ತದೆ, ಹಿಡಿದ ಉಸಿರಿನಲ್ಲೇ ಮೇಲೇರಿದರೆ ಗಾಳಿ ಹಿಗ್ಗಿ ಶ್ವಾಸಕೋಶ ಹರಿದುಹೋಗುತ್ತದೆ ಎಂದು ಪ್ರತಿ ಸಲ ಹೇಳುತ್ತಿದ್ದ. ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಿದ್ದೆ.

ಆ ಶನಿವಾರ ಮುಂದಿನ ಹಂತದ ತರಬೇತಿ, ಆಳದ ಮುಳುಗು. ಬೆಳಿಗ್ಗೆ ನನ್ನ ಹೆಂಡತಿ ಇಬ್ಬರಿಗೂ ನೀರುದೋಸೆ ಕಟ್ಟಿಕೊಟ್ಟು, ಬಾಗಿಲಲ್ಲಿ ಗೆಳೆಯನಿಗೆ, "ಇವರನ್ನು ಸ್ವಲ್ಪ ನೋಡ್ಕೊಳ್ಳಿ ಆಯ್ತಾ?" ಎಂದಿದ್ದಳು. ನನಗೆ ಸಿಟ್ಟು ಬಂದಿತ್ತು. ಹೊಳೆಯಲ್ಲಿ ಈಜಿ ಬೆಳೆದವನು ನಾನು, ನೋಡಿಕೊಳ್ಳುವವನು ಅವನೇ?

ಬಂಡೆಯ ಗೋಡೆ ನೇರವಾಗಿ ಕತ್ತಲೆಗೆ ಇಳಿದಿತ್ತು. ಆಳದಲ್ಲಿ ಸೆಳೆತ ಎದುರಾಯಿತು. ಕಾಲು ಬಡಿದಷ್ಟೂ ಅದೇ ಬಂಡೆ, ಅದೇ ಬಿರುಕು. ತರಬೇತುದಾರ ಉಳಿದವರೊಡನೆ ಮುಂದಿದ್ದ. ನಾನು ಎಂದಿನಂತೆ ಉಸಿರು ತಡೆದೆ. ತಲೆ ಸಿಡಿಯತೊಡಗಿತು. ಎಳೆದೆ, ಸಾಲಲಿಲ್ಲ, ಮತ್ತೆ ಎಳೆದೆ, ಸಾಲಲಿಲ್ಲ. ಮೀಟರಿನಲ್ಲಿ ಗಾಳಿ ಬೇಕಾದಷ್ಟಿತ್ತು, ನನಗೆ ಮಾತ್ರ ಸಿಗುತ್ತಿರಲಿಲ್ಲ. ಸಾಯುತ್ತೇನೆ ಅನ್ನಿಸಿತು. ಅಷ್ಟು ಹೆದರಿಕೆ ನನಗೆ ಜೀವನದಲ್ಲಿ ಆಗಿರಲಿಲ್ಲ. ಕಲಿತದ್ದೆಲ್ಲ ಮರೆತು ಹೊಳೆಯ ಹುಡುಗನಾದೆ. ಇದ್ದ ಉಸಿರನ್ನು ಬಿಗಿಹಿಡಿದು ಮೇಲಿನ ಬೆಳಕಿನ ಕಡೆಗೆ ಕಾಲು ಬಡಿದೆ.

ಯಾರೋ ಎದೆಯ ಪಟ್ಟಿ ಹಿಡಿದು ಎಳೆದರು. ಗೆಳೆಯ. ನಾನು ಅವನನ್ನೂ ಒದ್ದೆ, ಮುಖಕ್ಕೆ ಕೈ ಹಾಕಿದೆ. ಅವನು ಬಿಡಲಿಲ್ಲ. ಒಂದು ಕೈಯಲ್ಲಿ ಬಂಡೆ, ಒಂದು ಕೈಯಲ್ಲಿ ನನ್ನ ಪಟ್ಟಿ. ಕಣ್ಣಿಗೆ ಕಣ್ಣಿಟ್ಟು ಗುಳ್ಳೆಗಳನ್ನು ಬಿಟ್ಟ, ಉದ್ದಕ್ಕೆ. ಮತ್ತೆ ಬಿಟ್ಟ. ಹೊರಗೆ ಬಿಡು ಎನ್ನುತ್ತಿದ್ದಾನೆ ಎಂದು ಕೊನೆಗೆ ತಿಳಿಯಿತು. ಬಿಟ್ಟೆ. ಹಲವು ಸಲ ಬಿಟ್ಟ ಮೇಲೆ ಒಳಗೆ ಬಂದ ಗಾಳಿ ಗಾಳಿಯಂತೆ ಅನ್ನಿಸಿತು. ಅಷ್ಟರಲ್ಲಿ ತರಬೇತುದಾರನೂ ಹಿಂದಿರುಗಿ ಬಂದಿದ್ದ.

ನಿಧಾನವಾಗಿ ಏರಿದೆವು. ಆಳದ ಒತ್ತಡದಿಂದ ಮೈ ಸುಧಾರಿಸಲು ಮೇಲ್ಮೈಗಿಂತ ಸ್ವಲ್ಪ ಕೆಳಗೆ ಕೆಲವು ನಿಮಿಷ ಕಾಯಲೇಬೇಕು. ಅಲ್ಲಿ ಗೆಳೆಯ ತನ್ನ ಮೀಟರ್ ತೋರಿಸಿದ. ನನ್ನನ್ನು ಹಿಡಿದಿಡುವುದರಲ್ಲಿ ಅವನ ಗಾಳಿ ಮುಗಿಯುತ್ತ ಬಂದಿತ್ತು. ನನ್ನ ಸಿಲಿಂಡರಿನಲ್ಲಿ ತುರ್ತಿಗೆಂದು ಇರುವ ಎರಡನೇ ನಳಿಕೆಯನ್ನು ಅವನ ಬಾಯಿಗೆ ಕೊಟ್ಟೆ. ಅವನ ಪಾಲು ಕಡಿಮೆಯಾದೀತೆಂಬ ಭಯಕ್ಕೆ ನಾನು ಮತ್ತೆ ಉಸಿರು ತಡೆದೆನೋ ಏನೋ, ಅವನು ಬೆರಳಿನಿಂದ ನನ್ನ ಎದೆಗೆ ಜೋರಾಗಿ ತಿವಿದ. ಉಸಿರಾಡಿದೆ.

ದೋಣಿಯಲ್ಲಿ ಬಕಲ್ ಬಿಚ್ಚಿ ಸಿಲಿಂಡರ್ ಕೆಳಗಿಟ್ಟೆ. ಏನಾದರೂ ಹೇಳಬೇಕಲ್ಲ ಎಂದು, "ಈ ಸಲ ಊರಿಗೆ ಕಳಿಸ್ಲಿಕ್ಕೆ ಎಂತದೂ ಉಳಿಲಿಲ್ಲ ಮಾರಾಯ," ಎಂದೆ.

ಅವನು ನಗಲಿಲ್ಲ. ನೀರುದೋಸೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಮುಚ್ಚಳ ತೆಗೆಯದೆ ಕುಳಿತಿದ್ದ.

"ಅಲ್ಲಿ ಕೆಳಗೆ," ಎಂದ, "ನಿನ್ನ ಹೆಂಡ್ತಿಗೆ ಎಂತ ಹೇಳುದು ಅಂತ ಯೋಚನೆ ಮಾಡ್ತಾ ಇದ್ದೆ."