ಚಪ್ಪಾಳೆ ಬಿದ್ದ ಮೌನ

ನನ್ನ ಯಜಮಾನರಿಗೆ ರಾಜ್ಯ ಪ್ರಶಸ್ತಿ ಬಂದದ್ದು ಮಾತಿಗಲ್ಲ, ಮೌನಕ್ಕೆ. ಮಗನನ್ನು ಕಳೆದುಕೊಂಡ ಮುದುಕನ ಪಾತ್ರದಲ್ಲಿ ಅವರು ಮಾತಿನ ನಡುವೆ ನಿಂತುಬಿಟ್ಟರೆ ಸಭೆಯಲ್ಲಿ ಒಂದು ಕೆಮ್ಮೂ ಕೇಳುತ್ತಿರಲಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎಂದು ಮೈಲಾಪೂರಿನ ನಮ್ಮ ಕನ್ನಡ ಸಂಘದವರು ಹೊಗಳಿದ್ದೇ ಹೊಗಳಿದ್ದು. ಮನೆಯಲ್ಲಿ ಆ ಬಂಗಾರ ನನಗೆ ಬೇಕಾದಷ್ಟು ಸಿಕ್ಕಿದೆ, ಅದು ಬೇರೆ ವಿಷಯ.

ಈಚೆಗೆ ಅವರಿಗೆ ಮರೆವು. ಬರೀ ವಯಸ್ಸಿನದಲ್ಲ, ಕಾಯಿಲೆಯೇ ಎಂದು ಅಡ್ಯಾರಿನ ಡಾಕ್ಟರು ಹೇಳಿದರು. "ಯಾರಿಗೂ ಹೇಳ್ಬೇಡ ಕಣೇ, ನಾಟಕಕ್ಕೆ ಕರೆಯೋದೇ ಬಿಟ್ಬಿಡ್ತಾರೆ" ಎಂದು ಇವರು ನನ್ನ ಕೈ ಹಿಡಿದುಕೊಂಡರು. ಹೇಳಿದರೆ ಇವರ ಜೀವ ಹೋದ ಹಾಗೆ, ಹೇಳದಿದ್ದರೆ ರಂಗದ ಮೇಲೆ ಮಾನ ಹೋದ ಹಾಗೆ. ಬಿಸಿತುಪ್ಪ, ಉಗುಳಲೂ ಆಗದು, ನುಂಗಲೂ ಆಗದು. ಕೊನೆಗೆ, ಇದೊಂದು ಪ್ರದರ್ಶನ ಮುಗಿಯಲಿ, ಸಂಘದ ಕಾರ್ಯದರ್ಶಿಗೆ ಹೇಳಿಯೇಬಿಡುತ್ತೇನೆ ಎಂದು ಮನಸ್ಸು ಗಟ್ಟಿಮಾಡಿಕೊಂಡೆ.

ಅದೇ ಹಳೆಯ ನಾಟಕ. ಮೊಮ್ಮಗಳ ಪಾತ್ರಕ್ಕೆ ಇಲ್ಲಿಯೇ, ತಮಿಳಿನ ನಡುವೆ ಹುಟ್ಟಿ ಬೆಳೆದ ಹುಡುಗಿ. ಇಲ್ಲಿನ ನಮ್ಮ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಆಡಲು ಬಾರದು. ಕೇಳಿ ಕೇಳಿ ಸಂಭಾಷಣೆ ಬಾಯಿಪಾಠ ಮಾಡುತ್ತಾರೆ. ಎದುರಿನವರ ಕೊನೆಯ ಪದ ಬಿದ್ದರೆ ಮಾತ್ರ ಈ ಮಕ್ಕಳ ಬಾಯಿ ತೆರೆಯುವುದು.

ಕೊನೆಯ ದೃಶ್ಯದಲ್ಲಿ ಮಾತಿನ ನಡುವೆ ಇವರು ನಿಂತರು. ಸಭೆ ಉಸಿರು ಬಿಗಿಹಿಡಿಯಿತು. ಇದು ಅಭಿನಯವಲ್ಲ ಎಂದು ಪರದೆಯ ಮರೆಯಲ್ಲಿದ್ದ ನನಗೆ ಮಾತ್ರ ಗೊತ್ತಿತ್ತು. ಮಾತು ಹೇಳಿಕೊಟ್ಟೆ. ಇನ್ನೂ ಜೋರಾಗಿ ಹೇಳಿದೆ. ನನ್ನನ್ನೇ ನೋಡಿದರು, ತುಟಿ ಅಲ್ಲಾಡಲಿಲ್ಲ. ಓಡಿಹೋಗಿ ಕೈ ಹಿಡಿದು ಕರೆತರಬೇಕೆನ್ನಿಸಿತು, ಆದರೂ ಪರದೆ ಹಿಡಿದು ಅಲ್ಲೇ ನಿಂತೆ. ಏನಾದರೂ ಆಡಿ ತೇಪೆ ಹಾಕೋಣವೆಂದರೆ ಆ ಹುಡುಗಿಯ ಬಳಿ ಬಾಯಿಪಾಠ ಮಾಡಿದ್ದಕ್ಕಿಂತ ಹೆಚ್ಚಿನ ಕನ್ನಡವೇ ಇಲ್ಲ. ಹೆದರಿ ಕಣ್ಣಲ್ಲಿ ನೀರು ತಂದುಕೊಂಡು ಅವಳು ಏನಾಯಿತೆಂದು ತಮಿಳಿನಲ್ಲೇ ಕೇಳಿಬಿಟ್ಟಳು: "ತಾತಾ, ಎನ್ನಾಚ್ಚು?"

"ಒಣ್ಣುಮಿಲ್ಲಮ್ಮಾ" ಎಂದು ಇವರೂ ತಮಿಳಿನಲ್ಲೇ, ಏನೂ ಇಲ್ಲವೆಂದು ಸಮಾಧಾನ ಹೇಳಿ ಅವಳ ತಲೆ ಸವರಿದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಯಾರೋ ಪರದೆ ಎಳೆದರು.

ರಂಗದ ಹಿಂದಿನ ಕೋಣೆಯಲ್ಲಿ ಕೊಬ್ಬರಿ ಎಣ್ಣೆ ಹಚ್ಚಿ ಇವರ ಮುಖದ ಬಣ್ಣ ಒರೆಸುತ್ತಿದ್ದೆ. ಕಾರ್ಯದರ್ಶಿ ನುಗ್ಗಿಬಂದರು. "ಮಾಮಿ, ಇವತ್ತಿನ ಸೈಲೆನ್ಸ್ ಸೂಪರ್! ಆ ತಮಿಳು ಡೈಲಾಗ್ ಯಾರ ಐಡಿಯಾ? ಸಾರ್, ಮುಂದಿನ ತಿಂಗಳು ಇದನ್ನೇ ಇನ್ನೊಂದ್ಸಲ ಮಾಡೋಣ, ಬರ್ತೀರಲ್ಲ?"

ಹೇಳಬೇಕೆಂದು ಕೂಡಿಟ್ಟ ಮಾತು ಗಂಟಲಿಗೆ ಬಂದಿತ್ತು. ಅಷ್ಟರಲ್ಲಿ ಇವರೇ ತಲೆಯೆತ್ತಿದರು.

"ಬರ್ತೀನಿ, ಬರ್ತೀನಿ. ನಾಟಕ ಯಾವುದು?"

"ನೋಡಿದ್ರಾ ಮಾಮಿ, ಸಾರ್ ತಮಾಷೆನ!" ಕಾರ್ಯದರ್ಶಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೋಣೆಯಲ್ಲಿದ್ದವರೆಲ್ಲ ನಕ್ಕರು. ಅವರು ನಗುವುದನ್ನು ಕಂಡು ಇವರೂ ನಕ್ಕರು.

ನಾನೂ ನಕ್ಕೆ.