ಸೇಬಿನ ತೋಟದಲ್ಲಿ ಎಡಗೈ

ಕನ್ನಡಕವೆಂಬುದು ಎದುರಿಗಿರುವುದನ್ನು ಕಾಣಿಸುವ ಸಾಧನವೆಂದು ಜೀವಮಾನವಿಡೀ ನಂಬಿದ್ದೆ. ಈಗ ನಮ್ಮ ಮನೆಗೆ ಬಂದಿರುವ ಹೊಸ ಕನ್ನಡಕದ ಗುಣವೇ ಬೇರೆ: ಧರಿಸಿದೊಡನೆ ಎದುರಿನ ಗೋಡೆ, ಗೋಡೆಯ ಕ್ಯಾಲೆಂಡರು, ಕಾಫಿ ಲೋಟ ಹಿಡಿದು ನಿಂತ ಧರ್ಮಪತ್ನಿ, ಎಲ್ಲವೂ ಏಕಕಾಲದಲ್ಲಿ ಅಂತರ್ಧಾನವಾಗಿ, ಆ ಜಾಗದಲ್ಲಿ ಸೇಬಿನ ತೋಟವೊಂದು ಪ್ರತ್ಯಕ್ಷವಾಗುತ್ತದೆ. ದೇವನಹಳ್ಳಿ ಬಳಿಯ ನಮ್ಮ ವಿಜಯಪುರದಲ್ಲಿ ಸೇಬು ಬಿಡುವುದಿಲ್ಲವೆಂಬ ನನ್ನ ಆಕ್ಷೇಪಣೆಗೆ ಆ ಯಂತ್ರ ಇಂದಿಗೂ ಉತ್ತರ ಕೊಟ್ಟಿಲ್ಲ.

ಪಾರ್ಶ್ವವಾಯು ಬಡಿದು ನನ್ನ ಎಡಗೈ ನಿಶ್ಚೇಷ್ಟಿತವಾದ ಮೇಲೆ, ಏರ್‌ಪೋರ್ಟ್ ರಸ್ತೆಯ ಆಸ್ಪತ್ರೆಯವರು ಮನೆಗೇ ಕಳಿಸಿದ ಚಿಕಿತ್ಸೆ ಇದು. ಕುರ್ಚಿಯಲ್ಲಿ ಕುಳಿತು, ಎಡಗೈಗೆ ಕಟ್ಟಿದ ಹಿಡಿಕೆಯಿಂದ ಇಲ್ಲದ ಮರದ ಇಲ್ಲದ ಹಣ್ಣನ್ನು ಕಿತ್ತು ಇಲ್ಲದ ಬುಟ್ಟಿಗೆ ಹಾಕಬೇಕು; ಹಾಕಿದರೆ ಅಂಕ ಬರುತ್ತದೆ. ಕೈಯೆತ್ತುವ ಪ್ರಯತ್ನವನ್ನು ಎಡೆಬಿಡದೆ ಮಾಡಿದರೆ, ಮರೆತ ಪಾಠವನ್ನು ಮಿದುಳು ಪುನಃ ಕಲಿಯುತ್ತದಂತೆ. ವಾರಕ್ಕೊಮ್ಮೆ ದೇವನಹಳ್ಳಿಯಿಂದ ಸ್ಕೂಟರಿನಲ್ಲಿ ಬರುವ ಫಿಸಿಯೋಥೆರಪಿಸ್ಟ್ ಶ್ವೇತಾ ಹೀಗೆಂದು ವಿವರಿಸಿದಾಗ ನಾನು ನಂಬಲಿಲ್ಲ.

ಸಂಶಯ ನನ್ನ ಆಜನ್ಮ ವ್ಯಸನ. ಶಾಲೆಯಲ್ಲಿ ಕಲಿತದ್ದು ಅತ್ಯಲ್ಪ. ಉಳಿದದ್ದನ್ನು ರೇಷ್ಮೆ ಹುರಿ ಮಾಡುವ ಯಂತ್ರಗಳ ಗದ್ದಲದ ನಡುವೆ, ಗ್ರಂಥಾಲಯದ ಪುಸ್ತಕಗಳಿಂದ ಸಂಪಾದಿಸಿದೆ. ನಮ್ಮ ಸೀಮೆಯ ಪ್ರತಿಯೊಂದು ಹಾಳು ಕೋಟೆಯಿಂದಲೂ ನಂದಿಬೆಟ್ಟಕ್ಕೆ ಸುರಂಗವಿದೆಯೆಂದು ಹಿರಿಯರು ಹೇಳುವುದನ್ನು ಒಪ್ಪದೆ, ಯೌವನದಲ್ಲಿ ಟಾರ್ಚು ಹಿಡಿದು ಅಂಥದ್ದೊಂದರೊಳಗೆ ಇಳಿದು, ಅದು ಧಾನ್ಯ ತುಂಬುತ್ತಿದ್ದ ಹಗೇವು ಮಾತ್ರವೆಂದು ಖಚಿತಪಡಿಸಿಕೊಂಡು, ಬಾವಲಿಯ ಹಿಕ್ಕೆಯಿಂದ ಅಲಂಕೃತನಾಗಿ ಹೊರಬಂದವನು ನಾನು. ಊರಿನವರು ನನ್ನ ಸಂಶೋಧನೆಯನ್ನು ದೂರದಿಂದಲೇ ಮೂಸಿ ಚದುರಿದರು.

ಇಂಥವನು ಸೇಬಿನ ತೋಟವನ್ನು ಬಿಟ್ಟೇನೆ? ಎಲೆ ಉದುರುವುದಿಲ್ಲ, ಇರುವೆಯಿಲ್ಲ, ನೆರಳು ಸೂರ್ಯನ ಕಡೆಗೇ ಬೀಳುತ್ತದೆ ಎಂದು ಶ್ವೇತಾಳಿಗೆ ಸವಿಸ್ತಾರವಾಗಿ ವರದಿ ಒಪ್ಪಿಸಿದೆ. ಆದರೆ ಕೆಲವು ವಾರಗಳಲ್ಲಿ ಅಂಕಗಳು ಏರತೊಡಗಿದುವು ನೋಡಿ, ಅವನ್ನು ಮಾತ್ರ ಪರೀಕ್ಷಿಸಲಿಲ್ಲ. ತೋಟದಲ್ಲಿ ಹೆಗಲೆತ್ತರಕ್ಕೆ ಏಳುತ್ತಿದ್ದ ಕೈ, ಕನ್ನಡಕ ಕಳಚಿದೊಡನೆ ತೊಡೆ ಬಿಟ್ಟು ಏಳದಿದ್ದರೆ ಅದನ್ನು ದಣಿವೆಂದು ವ್ಯಾಖ್ಯಾನಿಸಿಕೊಂಡೆ. ಬಟ್ಟೆ ಮಡಿಸುವಾಗ, ಲೋಟ ಹಿಡಿಯುವಾಗಲೂ ಆ ಕೈಯನ್ನು ದುಡಿಸಿರೆಂದು ಶ್ವೇತಾ ಹೇಳಿದ್ದಳು. ಇಷ್ಟು ಅಂಕ ಗಳಿಸುವವನಿಗೆ ಆ ಉಪದೇಶ ಅನಾವಶ್ಯಕವೆನಿಸಿತು. ಮಳೆಗಾಲವೆಲ್ಲ ಹೀಗೆಯೇ ಕಳೆಯಿತು.

ನಾನು ಕುರ್ಚಿಯಿಂದ ಬೀಳದಂತೆ ದಿನವೂ ಪಕ್ಕದಲ್ಲಿ ನಿಲ್ಲುತ್ತಿದ್ದವಳು ನನ್ನ ಪತ್ನಿ ಜಯಮ್ಮ. ಒಮ್ಮೆ ಅವಳು ತಂಗಿಯ ಮನೆಯ ಗೃಹಪ್ರವೇಶಕ್ಕೆಂದು ಹೊಸಕೋಟೆಗೆ ಹೋದಾಗ ನೆರೆಮನೆಯಾತ ಬಂದು ನಿಂತ. ಅಂದು ಒಂದು ಹಣ್ಣೂ ಕೈಗೆಟುಕಲಿಲ್ಲ. ಯಂತ್ರ ಕೆಟ್ಟಿದೆಯೆಂದು ಶ್ವೇತಾಳಿಗೆ ಫೋನಿನಲ್ಲಿ ಗದರಿದೆ. ಮರುದಿನ ಬಂದವಳು ಕನ್ನಡಕವನ್ನು ತಾನೇ ಧರಿಸಿ, ಸರಾಗವಾಗಿ ಹಣ್ಣು ಕಿತ್ತು, ಆಗತಾನೇ ಬಸ್ಸಿಳಿದು ಬಂದ ಜಯಮ್ಮನ ಮುಖ ನೋಡಿದಳು.

"ಅಜ್ಜಿ, ನೀವು ತಾತನ ಕೈ ಹಿಡ್ಕೋತಿದ್ರಾ?"

"ಮೊಣಕೈ ಕೆಳಗೆ ಒಂಚೂರು ಆಸರೆ ಕೊಡ್ತಿದ್ದೆ ಕಣಮ್ಮ," ಎಂದಳು ಜಯಮ್ಮ, ಚೀಲವನ್ನೂ ಕೆಳಗಿಡದೆ. "ಕೈ ಏಳ್ದಿದ್ ದಿನ ಇವ್ರು ಊಟ ಮುಟ್ತಿರ್ಲಿಲ್ಲ. ಇನ್ನೇನ್ ಮಾಡ್ಲಿ ಹೇಳು."

"ಹಂಗಾದ್ರೆ ಪಾಯಿಂಟೆಲ್ಲಾ ನಿಮ್ದೇ," ಎಂದು ಶ್ವೇತಾ ನಕ್ಕಳು. ಬಳಿಕ ನಗು ನಿಲ್ಲಿಸಿ, ಕೈ ಸುಲಭವಾಗಿ ಕಲಿಯುವುದು ಮೊದಲ ತಿಂಗಳುಗಳಲ್ಲೇ ಎಂದೂ, ಇನ್ನು ಮುಂದೆ ಕಲಿಯುವುದೇ ಇಲ್ಲವೆಂದಲ್ಲ, ಆದರೆ ನಿಧಾನವೆಂದೂ ಮೆಲ್ಲಗೆ ತಿಳಿಸಿದಳು.

ಕನ್ನಡಕ ಕಣ್ಣನ್ನು ಮುಚ್ಚಿತ್ತು, ಕೈಗೆ ಸ್ಪರ್ಶಜ್ಞಾನವಿರಲಿಲ್ಲ, ಹಾಗಾಗಿ ನನಗೆ ತಿಳಿಯಲಿಲ್ಲವೆಂದು ವಾದಿಸಬಹುದು. ನಿಜವೆಂದರೆ, ಊರ ಹಿರಿಯರ ಮಾತನ್ನೆಲ್ಲ ಒರೆಗೆ ಹಚ್ಚಿದವನು ನನ್ನನ್ನು ಹೊಗಳಿದ ಅಂಕಗಳ ಮಾತನ್ನು ಮಾತ್ರ ಪ್ರಮಾಣವಿಲ್ಲದೆ ಸ್ವೀಕರಿಸಿದ್ದೆ. ಅಂದು ಇಷ್ಟು ವಿವೇಕವಿರಲಿಲ್ಲ.

"ನನ್ ಕೈ ನಂಗೇ ಸಿಗದಂಗ್ ಮಾಡ್ಬಿಟ್ಟೆ. ಇನ್ಮೇಲೆ ಹತ್ರ ಬರ್ಬೇಡ," ಎಂದು ಹೆಂಡತಿಗೆ ಹೇಳಿಬಿಟ್ಟೆ.

ಜಯಮ್ಮ ನನಗಾಗಿ ತಂದಿದ್ದ ಹೋಳಿಗೆಯ ಪೊಟ್ಟಣವನ್ನು ಮೇಜಿನ ಮೇಲಿಟ್ಟು, ದಾರ ಬಿಚ್ಚಿಕೊಡದೆ ಒಳಗೆ ಹೋದಳು. ಒಂದೇ ಕೈಯಲ್ಲಿ ಗಂಟಿನೊಡನೆ ಬಹಳ ಹೊತ್ತು ಸೆಣಸಿ ಸೋತೆ.

ಈಗ ಬರುತ್ತಿರುವುದು ನನ್ನದೇ ಅಂಕ, ಅತ್ಯಲ್ಪ. ಕೈ ಎದೆಯವರೆಗೆ ಬರುತ್ತದೆ. ಅಲ್ಲಿಂದ ಮೇಲಕ್ಕೇರೀತೆಂಬ ಭರವಸೆಯನ್ನು ಶ್ವೇತಾ ಕೊಡುವುದಿಲ್ಲ, ನಾನೂ ಕೇಳುವುದಿಲ್ಲ. ಜಯಮ್ಮ ಬಾಗಿಲ ಬಳಿ, ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂರುತ್ತಾಳೆ. ಅಷ್ಟು ಅಂತರವನ್ನು ವಿಧಿಸಿದವನು ನಾನೇ.

ಮೊನ್ನೆ ತೋಟದೊಳಗಿದ್ದಾಗ ಎಡ ಮೊಣಕೈಯ ಕೆಳಗೆ ನೊಣವೊಂದು ಕುಳಿತು ಹರಿದಾಡಿತು. ಅದರ ಕಾಲುಗಳ ಚಲನೆ ನನಗೆ ತಿಳಿಯಿತು. ಇಷ್ಟು ತಿಂಗಳಲ್ಲಿ ಆ ಕೈಗೆ ತಿಳಿದ ಮೊದಲ ಸ್ಪರ್ಶ ಅದು.

"ಜಯಮ್ಮ, ಮೊಣಕೈ ಕೆಳಗೆ ಒಂಚೂರು ಮುಟ್ಟಿ ನೋಡು. ಗೊತ್ತಾಗುತ್ತೆ ಅನ್ಸುತ್ತೆ."

"ಬೇಡ ಬಿಡಿ," ಎಂದಿತು ಬಾಗಿಲ ಬಳಿಯಿಂದ ಅವಳ ದನಿ. "ನೀವಾಗೇ ಎತ್ತಿ."

ಕನ್ನಡಕ ತೆಗೆಯದೆ, ಕೈಯನ್ನು ಇದ್ದಲ್ಲೇ ಇಟ್ಟುಕೊಂಡು ಅವಳ ಬೆರಳಿಗಾಗಿ ಸ್ವಲ್ಪ ಹೊತ್ತು ಕಾದೆ.